ಹಿಂಜದ ಉಣ್ಣೆಯಿಂದ ಆರಂಭ: ಗಾಯಾಳು ಸೈನಿಕರೊಂದಿಗೆ ನನ್ನ ಕೆಲಸ

ಗಾಯಗೊಂಡು ಊರಿಗೆ ಮರಳಿದ ಸೈನಿಕರೊಬ್ಬರು, ಕೈಕಸುಬಿನ ಮೂಲಕ ಚೇತರಿಕೆಗೆ ನೆರವಾಗುವ ದಾವಣಗೆರೆಯ ನಮ್ಮ ಚಿಕಿತ್ಸಾ ಕೊಠಡಿಗೆ ಮೊದಲ ಸಲ ಬಂದಾಗ ನಾನು ಅವರ ಮುಂದೆ ಇಡುವುದು ಒಂದು ಹಿಡಿ ಹಿಂಜದ ಕುರಿ ಉಣ್ಣೆ. ಚಳ್ಳಕೆರೆ ಕಡೆಯ ಕರಿಕುರಿಯ ಉಣ್ಣೆ ಅದು. ಎಷ್ಟು ತೊಳೆದಿದ್ದರೂ ಹುಲ್ಲಿನ ಕಡ್ಡಿ, ಮುಳ್ಳಿನ ಚೂರು, ಸಣ್ಣ ಗಂಟುಗಳು ಅದರಲ್ಲಿ ಉಳಿದೇ ಇರುತ್ತವೆ. ಕಸ ತೆಗೆದು, ಗಂಟು ಬಿಡಿಸಿ, ಹಗುರವಾಗುವಂತೆ ಹಿಂಜಿಡಬೇಕು ಎಂದಷ್ಟೇ ಹೇಳುತ್ತೇನೆ. ಅವರು ಹತ್ತು ನಿಮಿಷ ಆ ಉಣ್ಣೆಯೊಂದಿಗೆ ಕುಳಿತರೆ ನನಗೆ ಬೇಕಾದದ್ದು ಬಹಳಷ್ಟು ತಿಳಿಯುತ್ತದೆ: ಹೆಬ್ಬೆರಳು ಕಿರುಬೆರಳಿನ ತನಕ ಹೋಗುತ್ತದೆಯೇ, ಮುಳ್ಳು ಚುಚ್ಚಿದ್ದು ಅರಿವಿಗೆ ಬರುತ್ತದೆಯೇ, ಕಣ್ಣು ಬೇರೆಡೆ ಹೋದಾಗ ಬೆರಳು ನಿಂತುಬಿಡುತ್ತದೆಯೇ, ಗಾಯವಾದ ಕೈಯನ್ನು ಕೆಲಸಕ್ಕೆ ಹಚ್ಚುತ್ತಾರೋ ಇಲ್ಲವೇ ತೊಡೆಯ ಮೇಲೆ ಮುಚ್ಚಿಟ್ಟುಕೊಳ್ಳುತ್ತಾರೋ, ಬಾಗಿಲು ಸದ್ದಾದಾಗ ಮೈ ಹೇಗೆ ಬಿಗಿಯಾಗುತ್ತದೆ. ಅಳತೆಯ ಉಪಕರಣಗಳನ್ನು ಎರಡನೆಯ ದಿನ ಹೊರಗೆ ತೆಗೆಯುತ್ತೇನೆ.

ಇದನ್ನು ನಾನು ಕಲಿತದ್ದು ನನ್ನ ತಾಯಿಯ ತವರಿನಲ್ಲಿ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಕಂಬಳಿ ನೇಯುವ ಮನೆ ಅದು. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಸೋದರಮಾವ ಸಿಯಾಚಿನ್ ಹಿಮನದಿಯ ಠಾಣೆಯಿಂದ ಬಲಗೈಯ ಮೂರು ಬೆರಳುಗಳ ತುದಿಯನ್ನು ಕಳೆದುಕೊಂಡು ಬಂದರು. ನಮ್ಮ ಸೈನ್ಯ 1984ರಲ್ಲಿ ಆ ಹಿಮನದಿಯ ಮೇಲೆ ನೆಲೆ ನಿಂತಂದಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಹಿಮಪಾತ ಮತ್ತು ತೆಳುವಾದ ಗಾಳಿಯೇ ಹೆಚ್ಚು ಜನರನ್ನು ತೆಗೆದುಕೊಂಡಿದೆ. ಮಾವ ಬೆರಳುಗಳಿಗೆ ಸದಾ ಟವೆಲ್ ಸುತ್ತಿಕೊಂಡಿರುತ್ತಿದ್ದರು. ತುದಿಗೆ ಏನಾದರೂ ತಗುಲಿದರೆ ಕರೆಂಟ್ ಹೊಡೆದಂತಾಗುತ್ತದೆ ಎನ್ನುತ್ತಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದರು, ಮುದ್ದೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅಜ್ಜಿ ಒಂದು ದಿನ, “ಸುಮ್ಮನೆ ಕುಂತಿರ್ತೀಯಲ್ಲಪ್ಪ, ಇದಿಷ್ಟು ಹಿಂಜಿಕೊಡು” ಎಂದು ಉಣ್ಣೆಯ ಬುಟ್ಟಿಯನ್ನು ಅವರ ಮುಂದೆ ಇಟ್ಟರು. ಮೊದಲ ವಾರ ಎಡಗೈಯಲ್ಲೇ ಹಿಂಜಿದರು. ಉಣ್ಣೆ ಒಂದು ಕೈಗೆ ಬಗ್ಗುವುದಿಲ್ಲ; ಹಿಡಿಯಲು ಒಂದು, ಎಳೆಯಲು ಒಂದು ಬೇಕು. ಯಾವಾಗ ಟವೆಲ್ ಬಿಚ್ಚಿದರೋ ಯಾರೂ ಗಮನಿಸಲಿಲ್ಲ. ಯುಗಾದಿಯ ಹೊತ್ತಿಗೆ ಮಾವ ಬಲಗೈಯಲ್ಲೇ ಮುದ್ದೆ ಮುರಿಯುತ್ತಿದ್ದರು.

ಮುಂದೆ ನಾನು ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸ ಮತ್ತು ಕಸುಬಿನ ಮೂಲಕವೇ ಕೊಡುವ ಚಿಕಿತ್ಸೆಯನ್ನು ಓದಲು ಹೋದಾಗ, ಕತ್ತರಿಸಿದ ಬೆರಳಿನ ತುದಿಯ ಅತಿಸೂಕ್ಷ್ಮತೆಯನ್ನು ಕಡಿಮೆ ಮಾಡಲು ಮೃದುವಾದ ವಸ್ತುವಿನಿಂದ ಒರಟಾದ ವಸ್ತುವಿಗೆ ಹಂತಹಂತವಾಗಿ ಸಾಗಬೇಕು ಎಂಬ ಪಾಠ ಬಂದಿತು. ಅಜ್ಜಿ ಮಾಡಿದ್ದಕ್ಕೆ ಒಂದು ಹೆಸರಿದೆ ಎಂದು ಅಂದು ತಿಳಿಯಿತು. ಈಗ ನಮ್ಮ ಕೊಠಡಿಯಲ್ಲಿ ಆ ಹಂತಗಳೆಲ್ಲ ನಮ್ಮ ನೆಲದವೇ: ಮೊದಲು ಹಿಂಜಿದ ಹತ್ತಿ, ಆಮೇಲೆ ಹಿಂಜಿದ ಉಣ್ಣೆ, ನೂತ ಉಣ್ಣೆಯ ಎಳೆ, ಕೊನೆಗೆ ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿದ ಕಂಬಳಿಯ ಮೈ. ನಡುವೆ ಕೈಯನ್ನು ಹುದುಗಿಸಿಡಲು ರಾಗಿ, ಜೋಳ, ಮೆಕ್ಕೆಜೋಳ, ಕಡಲೆ ತುಂಬಿದ ನಾಲ್ಕು ಡಬ್ಬಿಗಳಿವೆ. ಕೆಲಸ ಮುಗಿದ ಮೇಲೂ ಕೆಲವರು ರಾಗಿಯ ಡಬ್ಬಿಯಲ್ಲಿ ಕೈಯಿಟ್ಟುಕೊಂಡು ಮಾತನಾಡುತ್ತ ಕುಳಿತಿರುತ್ತಾರೆ.

ನಮ್ಮ ವೃತ್ತಿಗೆ ಯುದ್ಧದೊಂದಿಗೆ ಇರುವ ಸಂಬಂಧ ಹಳೆಯದು. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಈ ವೃತ್ತಿಯ ಮೊದಲ ಸಂಘವನ್ನು ಕಟ್ಟಿದವರಲ್ಲಿ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಒಬ್ಬರು. ಕಾಲಿಗೆ ಹಿಮಕಡಿತವಾಗಿ, ದೇಹದ ಎಡಭಾಗದ ಸ್ವಾಧೀನವನ್ನೂ ಕಳೆದುಕೊಂಡಿದ್ದ ಅವರು ಬಡಗಿ ಕೆಲಸ ಮತ್ತು ತೋಟದ ಕೆಲಸದಿಂದ ಚೇತರಿಸಿಕೊಂಡಿದ್ದರು. ಅದೇ ವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು, ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆ ನೇಯ್ಗೆ, ಬುಟ್ಟಿ ಹೆಣಿಗೆ, ಮರಗೆಲಸ ಕಲಿಸಲು ಮಹಿಳೆಯರನ್ನು ನೇಮಿಸಿಕೊಂಡಿತು. ಅದೇ 1917ರಲ್ಲಿ ನಮ್ಮ ಮುಂಬಯಿಯಲ್ಲಿ ಯುದ್ಧದಿಂದ ಅಂಗವಿಕಲರಾಗಿ ಬಂದ ಭಾರತೀಯ ಸಿಪಾಯಿಗಳಿಗಾಗಿ ಕ್ವೀನ್ ಮೇರಿ ತಾಂತ್ರಿಕ ಶಾಲೆ ಆರಂಭವಾಯಿತು. ಆಮೇಲೆ ಅದು ಪುಣೆಯ ಖಡ್ಕಿಗೆ ಹೋಯಿತು. ಈ ವಿದ್ಯೆಯನ್ನು ಕಾಲೇಜಿನ ಓದಾಗಿ ನಮ್ಮ ದೇಶಕ್ಕೆ ತಂದವರು ಕಮಲಾ ನಿಂಬ್ಕರ್. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಮೊದಲ ಶಾಲೆಯನ್ನು ತೆರೆದರು. ಈ ಇತಿಹಾಸವನ್ನು ನಾನು ಬರುವವರಿಗೆಲ್ಲ ಹೇಳುತ್ತೇನೆ. ತಾವು ಈ ದಾರಿಯಲ್ಲಿ ಮೊದಲಿಗರಲ್ಲ ಎಂದು ತಿಳಿದಾಗ ಸೈನಿಕರಿಗೆ ಒಂದು ಬಗೆಯ ಸಮಾಧಾನವಾಗುತ್ತದೆ. ರೆಜಿಮೆಂಟಿನ ಚರಿತ್ರೆಯನ್ನು ಬಾಯಿಪಾಠ ಮಾಡಿದ ಜನ ಅವರು.

ಯುದ್ಧದ ಗಾಯವೆಂದರೆ ಗುಂಡೇಟು ಎಂದು ಊರಿನವರು ತಿಳಿದಿರುತ್ತಾರೆ. ನಮ್ಮಲ್ಲಿಗೆ ಬಂದ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ನೇರ ಗುಂಡು ತಗುಲಿದವರು ಕೆಲವರೇ. ಶೆಲ್ಲಿನ ಚೂರು ಹೊಕ್ಕವರು, ನೆಲಬಾಂಬಿಗೆ ಪಾದ ಕಳೆದುಕೊಂಡವರು, ಗಡಿಯ ರಸ್ತೆಯಲ್ಲಿ ವಾಹನ ಕಮರಿಗೆ ಉರುಳಿ ಬೆನ್ನುಹುರಿ ಮುರಿದವರು, ಹಿಮದಿಂದ ಬೆರಳು ಹೋದವರು ಇದ್ದಾರೆ. ನಿವೃತ್ತಿಯ ನಂತರ ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರೂ ಬರುತ್ತಾರೆ. ಮೈಮೇಲೆ ಗಾಯದ ಗುರುತೇ ಇಲ್ಲದೆ, ರಾತ್ರಿ ನಿದ್ದೆ ಬಾರದೆ, ಮನೆಯವರ ಮೇಲೆ ರೇಗುತ್ತ, ಆಮೇಲೆ ಅದಕ್ಕಾಗಿ ಕೊರಗುತ್ತ ಇರುವವರು ಎಲ್ಲರಿಗಿಂತ ತಡವಾಗಿ ಬರುತ್ತಾರೆ.

ನನಗೆ ಈ ಕೆಲಸದ ತಿರುಳನ್ನು ತೋರಿಸಿಕೊಟ್ಟವರು ಮುಂಗೈಗೆ ಶೆಲ್ಲಿನ ಚೂರು ತಗುಲಿ ಮಧ್ಯದ ನರ ಕತ್ತರಿಸಿದ್ದ ಹವಾಲ್ದಾರರೊಬ್ಬರು. ಆ ನರ ಹೋದರೆ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲುವ ಶಕ್ತಿ ಹೋಗುತ್ತದೆ, ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನ ಸ್ಪರ್ಶವೂ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ನರವನ್ನು ಜೋಡಿಸಿದರೂ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟೇ ಬೆಳೆಯುತ್ತದೆ. ಮಣಿಕಟ್ಟಿನ ಮೇಲಿನ ಗಾಯದಿಂದ ಬೆರಳ ತುದಿಗೆ ಅದು ತಲುಪಲು ಎಷ್ಟು ತಿಂಗಳು ಬೇಕೆಂದು ಯಾರೂ ಲೆಕ್ಕ ಹಾಕಬಹುದು. ಅಷ್ಟು ಕಾಲ ಕೀಲುಗಳು ಗಟ್ಟಿಯಾಗದಂತೆ, ಕೈ ತನ್ನ ಕೆಲಸವನ್ನು ಮರೆಯದಂತೆ ಕಾಯಬೇಕು. ನಾನು ಪುಸ್ತಕದಲ್ಲಿದ್ದಂತೆ ರಬ್ಬರಿನ ಮುದ್ದೆಯನ್ನು ಹಿಚುಕಿಸಿದೆ, ಗುಳಿಗಳಿರುವ ಹಲಗೆಯಲ್ಲಿ ಗೂಟಗಳನ್ನು ಇಡಿಸಿದೆ. ಪ್ರತಿ ಸಲ ಗೂಟ ಜಾರಿದಾಗಲೂ ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು. ಮೂರನೆಯ ವಾರ, ಆ ಕೈ ತಮ್ಮದಲ್ಲವೆಂಬಂತೆ ಮೇಜಿನ ಮೇಲೆ ಬಿಟ್ಟು, ನಾಳೆಯಿಂದ ಬರುವುದಿಲ್ಲ ಎಂದರು. ಆ ದಿನ ಊರಿನಿಂದ ಬಂದಿದ್ದ ಉಣ್ಣೆಯ ಚೀಲ ಮೂಲೆಯಲ್ಲಿತ್ತು. ಹೋಗುವ ಮುನ್ನ ಇದನ್ನು ಬಿಡಿಸಿಕೊಡುವಿರಾ ಎಂದು ಕೇಳಿದೆ. ಒಂದು ಗಂಟೆ ಕುಳಿತರು. ಅವರು ನೋಡುತ್ತಿದ್ದದ್ದು ಉಣ್ಣೆಯನ್ನು. ಕೈಯನ್ನು ಒಮ್ಮೆಯೂ ನೋಡಲಿಲ್ಲ. ಗಂಟು ಬಿಡಿಸಲು ಬೇಕಾದಷ್ಟು ಹೆಬ್ಬೆರಳು ತಾನಾಗಿ ಮುಂದೆ ಬರಲು ಹವಣಿಸುತ್ತಿತ್ತು, ಬಾರದ ಕಡೆ ಮಣಿಕಟ್ಟು ತಿರುಗಿ ನೆರವಾಗುತ್ತಿತ್ತು. ವ್ಯಾಯಾಮದಲ್ಲಿ ಸೋಲು ಕೈಯದಾಗಿರುತ್ತದೆ, ಕಸುಬಿನಲ್ಲಿ ತೊಡಕು ವಸ್ತುವಿನದಾಗಿರುತ್ತದೆ. ಈ ವ್ಯತ್ಯಾಸ ನನಗೆ ಅಂದು ಕಣ್ಣಿಗೆ ಕಂಡಿತು, ಅಂದಿನಿಂದ ನನ್ನ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಯಾರಿಗೆ ಯಾವ ವಸ್ತುವನ್ನು ಕೊಟ್ಟರೆ ಅವರು ತಮ್ಮ ಗಾಯವನ್ನು ಮರೆತು ಆ ವಸ್ತುವಿನ ಹಿಂದೆ ಹೋಗುತ್ತಾರೆ ಎಂಬುದನ್ನು ಹುಡುಕುವುದೇ ನನ್ನ ಪಾಲಿನ ಕೌಶಲ.

ಕೌದಿಯ ವಿಷಯದಲ್ಲಿ ಮಾತ್ರ ಬಹಳ ಕಾಲ ಅಡ್ಡಿ ಬಂದಿತು. ನೇಯ್ಗೆ, ಬಿದಿರು ಕೆಲಸ, ಕುರ್ಚಿಗೆ ವಯರ್ ಹೆಣೆಯುವುದು ಗಂಡಸರ ಕೆಲಸವೆಂದು ಒಪ್ಪುತ್ತಿದ್ದವರು ಸೂಜಿ ಕಂಡೊಡನೆ ಹಿಂದೆ ಸರಿಯುತ್ತಿದ್ದರು. ಪಾರ್ಶ್ವವಾಯುವಾಗಿದ್ದ ಸುಬೇದಾರರೊಬ್ಬರು, “ತಂಗಿ, ಬಂದೂಕ ಹಿಡಿದ ಕೈಗೆ ಕೌದಿ ಹೊಲಿಯೋ ಕೆಲಸ ಕೊಡ್ತೀಯಾ?” ಎಂದು ನೊಂದು ಕೇಳಿದ್ದರು. ಅವರಿಗೆ ಕೌದಿಯೇ ಸರಿಯಾದ ಕೆಲಸವಾಗಿತ್ತು. ಹಳೆಯ ಸೀರೆ, ಪಂಚೆಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಎಳೆ ಹಾಕುತ್ತ ಹೋಗುವಾಗ, ದುರ್ಬಲವಾದ ಕೈ ಬಟ್ಟೆಯನ್ನು ಒತ್ತಿ ಹಿಡಿಯಬೇಕು, ಬಲವಾದ ಕೈ ದಬ್ಬಣವನ್ನು ನಡೆಸಬೇಕು, ಕಣ್ಣು ಎಡದಿಂದ ಬಲದ ತುದಿಯ ತನಕ ಸಾಲನ್ನು ಹಿಂಬಾಲಿಸಬೇಕು. ಮಿದುಳಿಗೆ ಪೆಟ್ಟಾಗಿ ಒಂದು ಮಗ್ಗುಲನ್ನು ಗಮನಿಸುವುದನ್ನೇ ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಸುಬೇದಾರರೊಂದಿಗೆ ವಾದ ಮಾಡದೆ, ಬಾರಕಿನಲ್ಲಿ ನಿಮ್ಮ ಗುಂಡಿಯನ್ನು ಯಾರು ಹೊಲಿಯುತ್ತಿದ್ದರು ಎಂದು ಕೇಳಿದೆ. ತಾನೇ, ಮತ್ತೆ ಯಾರು, ಎಂದರು. ಆಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಬಲಿಪೀಠದ ಕಸೂತಿ ವಸ್ತ್ರದ ಕತೆಯನ್ನು ಹೇಳಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ನೂರಕ್ಕೂ ಹೆಚ್ಚು ಸೈನಿಕರು, ಬ್ರಿಟನ್, ಆಸ್ಟ್ರೇಲಿಯ, ಕೆನಡಾ, ದಕ್ಷಿಣ ಆಫ್ರಿಕದವರು, ಆಸ್ಪತ್ರೆಯ ಹಾಸಿಗೆಗಳಲ್ಲಿ ಕುಳಿತು ಅದರ ತುಂಡುಗಳನ್ನು ಹೊಲಿದಿದ್ದರು. 1919ರಲ್ಲಿ ಅದನ್ನು ಕೆಥೆಡ್ರಲಿನಲ್ಲಿ ಹಾಸಿದರು, ಯುದ್ಧದ ನೂರನೆಯ ವರ್ಷವೆಂದು 2014ರಲ್ಲಿ ಮತ್ತೆ ಹೊರತೆಗೆದರು. ಆ ಮಹಾಯುದ್ಧದ ಕಾಲದಲ್ಲಿ, ಅದರಲ್ಲಿ ತಾನೂ ಗಾಯಗೊಂಡಿದ್ದ ಅರ್ನೆಸ್ಟ್ ಥೆಸಿಗರ್ ಎಂಬ ನಟ ಅಂಗವಿಕಲ ಸೈನಿಕರ ಕಸೂತಿ ಸಂಸ್ಥೆಯೊಂದನ್ನು ಕಟ್ಟಲು ಮುಂದಾಗಿದ್ದರು. ಸುಬೇದಾರರು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಬಂದಾಗ ತಮ್ಮ ತಾಯಿಯ ಹಳೆಯ ಇಳಕಲ್ ಸೀರೆಯನ್ನು ಚೀಲದಲ್ಲಿ ತಂದಿದ್ದರು. ಕೌದಿ ಹೊಲಿಯುವುದಾದರೆ ಇದನ್ನೇ ಮೇಲಿನ ಪದರವಾಗಿ ಹಾಕಬೇಕು ಎಂಬುದು ಅವರ ಷರತ್ತು. ಹನ್ನೊಂದು ತಿಂಗಳು ಹಿಡಿಯಿತು. ಸಾಲುಗಳು ಮೊದಲ ಮೂಲೆಯಲ್ಲಿ ಎಡಕ್ಕೆ ಬಂದಂತೆಲ್ಲ ಮಾಯವಾಗುತ್ತವೆ, ನಡುವಿಗೆ ಬರುವ ಹೊತ್ತಿಗೆ ಅಂಚಿನಿಂದ ಅಂಚಿಗೆ ಓಡುತ್ತವೆ. ಅವರ ಚೇತರಿಕೆಯನ್ನು ನಾನು ಬರೆದಿಟ್ಟ ಯಾವ ಕಡತಕ್ಕಿಂತಲೂ ಆ ಕೌದಿ ಸ್ಪಷ್ಟವಾಗಿ ತೋರಿಸುತ್ತದೆ.

ಇನ್ನು ಮಗ್ಗದ ವಿಷಯ. ಇದನ್ನು ವಿವರವಾಗಿ ಬರೆಯಬೇಕು, ಏಕೆಂದರೆ ನನ್ನ ದೊಡ್ಡ ತಪ್ಪು ಆದದ್ದು ಇಲ್ಲಿಯೇ. ನಮ್ಮ ಕಡೆಯ ಕಂಬಳಿಯನ್ನು ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ನೇಕಾರ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ಹಲಗೆ ತುಳಿದು ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತ, ಕೈಯಿಂದ ಅಡ್ಡ ಎಳೆಯ ಲಾಳಿ ಹಾಯಿಸುತ್ತಾನೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದವರಿಗೆ ಇದು ಸಾಧ್ಯವೇ ಇಲ್ಲ. ಆದರೆ ಬೆನ್ನುಹುರಿ ಮುರಿದಿದ್ದ ಲ್ಯಾನ್ಸ್ ನಾಯಕ್ ಒಬ್ಬರಿಗೆ ಬೇರೆ ಯಾವ ಕೆಲಸವೂ ಹಿಡಿಸಲಿಲ್ಲ. ಅವರೂ ಕಂಬಳಿ ನೇಯುವ ಮನೆಯವರು. ಮಗ್ಗದ ಮುಂದೆ ಕುಳಿತ ಅಪ್ಪನ ಬೆನ್ನನ್ನು ನೋಡುತ್ತ ಬೆಳೆದವರು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದರಿಂದ ಮಗ್ಗದ ಮರ್ಮ ಬಲ್ಲ ಹಿರಿಯ ಮೇಸ್ತ್ರಿಗಳು ಇಲ್ಲಿ ಇನ್ನೂ ಸಿಗುತ್ತಾರೆ. ಹಾಗೆ ಸಿಕ್ಕ ಒಬ್ಬರು ಬಡಗಿಯನ್ನು ಜೊತೆಗಿಟ್ಟುಕೊಂಡು ಮೇಜಿನ ಎತ್ತರದ ಸಣ್ಣ ಮಗ್ಗವೊಂದನ್ನು ಮಾಡಿಕೊಟ್ಟರು. ಕಾಲಿನ ಹಲಗೆಗಳ ಬದಲು ಮೇಲ್ಭಾಗದಲ್ಲಿ ಕೈಯಿಂದ ಎಳೆಯುವ ಹಿಡಿಗಳು. ಕೆಳಗೆ ಗಾಲಿಕುರ್ಚಿಯ ತೋಳು ನುಗ್ಗುವಷ್ಟು ಖಾಲಿ ಜಾಗ. ಬಟ್ಟೆ ಸುತ್ತುವ ದಿಂಡು ಸರಿಯಾಗಿ ಮೊಣಕೈಯ ಮಟ್ಟದಲ್ಲಿ. ಎಲ್ಲ ಹಿಡಿಗಳಿಗೂ ಸೈಕಲ್ ಟ್ಯೂಬನ್ನು ಕತ್ತರಿಸಿ ಸುತ್ತಿದೆವು. ದಪ್ಪ ಹಿಡಿಯನ್ನು ದುರ್ಬಲ ಬೆರಳುಗಳೂ ಹಿಡಿಯುತ್ತವೆ, ಬೆವರಿಗೆ ಜಾರುವುದೂ ಇಲ್ಲ.

ಆ ಮಗ್ಗದಿಂದ ಅವರ ಮೈಗೆ ಆದ ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಲಾಳಿಯನ್ನು ಒಂದು ಪಕ್ಕದಿಂದ ಬಿಟ್ಟು ಇನ್ನೊಂದು ಪಕ್ಕದಲ್ಲಿ ಹಿಡಿಯುವಾಗ ಮೈ ಎಡಕ್ಕೂ ಬಲಕ್ಕೂ ವಾಲಿ ಮತ್ತೆ ನಡುವಿಗೆ ಬರಬೇಕು. ಕುಳಿತ ಭಂಗಿಯಲ್ಲಿ ಸಮತೋಲ ಕಳೆದುಕೊಂಡಿದ್ದವರಿಗೆ ಇದು ನೂರಾರು ಸಲ ಆಗುವ ಅಭ್ಯಾಸ. ಬಾಚಣಿಗೆಯಂಥ ಹಣಿಗೆಯನ್ನು ಎದೆಯತ್ತ ಎಳೆದು ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು ಬಡಿಯುವುದು, ಹಿಡಿಗಳನ್ನು ಕೆಳಗೆ ಜಗ್ಗುವುದು ಹೆಗಲು ಮತ್ತು ತೋಳುಗಳನ್ನು ಗಟ್ಟಿಮಾಡುತ್ತದೆ. ಗಾಲಿಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಶೌಚದ ಆಸನಕ್ಕೆ ತಮ್ಮನ್ನು ತಾವೇ ಎತ್ತಿ ಸರಿಸಿಕೊಳ್ಳಲು ಬೇಕಾದದ್ದು ಅದೇ ಬಲ. ಎರಡು ತಿಂಗಳಲ್ಲಿ ಅವರು ಮಡದಿಯ ನೆರವಿಲ್ಲದೆ ಮಂಚಕ್ಕೆ ಹೋಗತೊಡಗಿದರು. ಕೆಲಸದಲ್ಲಿ ಎಷ್ಟು ಮುಳುಗಿದರೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ನಾನು ಸಂತೋಷಪಟ್ಟೆ. ಸಂತೋಷಪಡಬಾರದಾಗಿತ್ತು.

ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಬಹಳ ಹೊತ್ತು ಒಂದೇ ಕಡೆ ಕುಳಿತ ನೋವು ತಿಳಿಯುವುದಿಲ್ಲ. ನಾವೆಲ್ಲ ಅರಿವಿಲ್ಲದೆಯೇ ಕುಳಿತಲ್ಲಿ ಆಚೀಚೆ ಸರಿಯುತ್ತಿರುತ್ತೇವೆ. ಅವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೆನಪಿಟ್ಟುಕೊಂಡು ಕೈಯೂರಿ ಮೈಯೆತ್ತಬೇಕು ಅಥವಾ ಮುಂದಕ್ಕೆ ಬಾಗಿ ಭಾರ ಇಳಿಸಬೇಕು. ಇದನ್ನು ಅವರಿಗೆ ಹೇಳಿದ್ದೆ. ಆದರೆ ಗಾಯವನ್ನು ಮರೆಸುವ ಕೆಲಸವನ್ನೇ ಅವರ ಕೈಗೆ ಕೊಟ್ಟು, ಗಾಯವನ್ನು ನೆನಪಿಟ್ಟುಕೊಳ್ಳಿ ಎಂದು ಹೇಳಿದರೆ ಅದು ನಡೆಯುವ ಮಾತಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ. ಒಂದು ಸಂಜೆ ಅವರ ಮಡದಿ ಬಟ್ಟೆ ಬದಲಿಸುವಾಗ ಕುಳಿತುಕೊಳ್ಳುವ ಮೂಳೆಯ ಮೇಲೆ ಚರ್ಮ ಕಪ್ಪಾಗಿ ಒಡೆದಿದ್ದನ್ನು ಕಂಡರು. ಆ ಹುಣ್ಣು ಮಾಯಲು ಏಳು ವಾರ ಬೇಕಾಯಿತು. ಅಷ್ಟೂ ದಿನ ಅವರು ಹೊಟ್ಟೆಯ ಮೇಲೆ ಮಲಗಿರಬೇಕಾಯಿತು. ಅವರ ಮಡದಿ ನನಗೆ ಒಂದು ಕಠಿಣ ಮಾತನ್ನೂ ಆಡಲಿಲ್ಲ, ಅದು ನನಗೆ ಇನ್ನೂ ಭಾರವಾಯಿತು. ಆ ಏಳು ವಾರ ನಾನು ದಿನವೂ ಅವರ ಮನೆಗೆ ಹೋದೆ. ಎದೆಯ ಕೆಳಗೆ ದಿಂಬಿಟ್ಟು, ಮಂಚದ ತಲೆಯ ಕಡೆ ತಗ್ಗಾದ ಸ್ಟೂಲೊಂದನ್ನು ಇಟ್ಟು, ಕಂಬಳಿಯ ಅಂಚಿಗೆ ಕುಚ್ಚು ಕಟ್ಟುವ ಕೆಲಸವನ್ನು ಅವರು ಮಲಗಿದಲ್ಲಿಯೇ ಮುಂದುವರಿಸಿದರು.

ಪರಿಹಾರ ಹೊಳೆದದ್ದು ಅವರಿಗೇ. ಗಡಿಯಾರವನ್ನಾಗಲಿ ಮೊಬೈಲಿನ ಗಂಟೆಯನ್ನಾಗಲಿ ಅವರು ಒಪ್ಪಲಿಲ್ಲ. ಗಂಟೆ ಬಾರಿಸಿದರೆ ಆರಿಸಿ ನೇಯುತ್ತೇನೆ ಎಂದು ನೇರವಾಗಿಯೇ ಹೇಳಿದರು. ನಾಲ್ಕು ಬೆರಳು ಅಗಲದ ಬಟ್ಟೆ ನೇಯಲು ಅವರಿಗೆ ಹೆಚ್ಚುಕಡಿಮೆ ಹದಿನೈದು ನಿಮಿಷ ಹಿಡಿಯುತ್ತಿತ್ತು. ನಾಲ್ಕು ಬೆರಳಿಗೊಮ್ಮೆ ಹೊಕ್ಕಿನಲ್ಲಿ ಒಂದು ಬಿಳಿಯ ಎಳೆ ಹಾಕಬೇಕು, ಲಾಳಿ ಬದಲಿಸಲು ಕೈ ಬಿಟ್ಟಾಗ ಮೈಯೆತ್ತಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ಬಿಳಿ ಎಳೆ ತಪ್ಪಿದರೆ ಬಟ್ಟೆ ಕೆಡುತ್ತದೆ, ನೇಕಾರನ ಮನೆಯ ಮಗ ಬಟ್ಟೆಯನ್ನು ಕೆಡಲು ಬಿಡುವುದಿಲ್ಲ. ಕರಿಯ ಕಂಬಳಿಯ ಆಸನದ ಮೇಲೆ ಸಮದೂರದಲ್ಲಿ ಓಡುವ ಆ ಬಿಳಿ ಗೆರೆಗಳು ಈಗ ನಮ್ಮ ಕೊಠಡಿಯ ಎಲ್ಲ ನೇಯ್ಗೆಯಲ್ಲೂ ಇವೆ. ಕೊಳ್ಳುವವರು ಅದನ್ನು ಚೆಲುವಿಗಾಗಿ ಹಾಕಿದ್ದೆಂದು ತಿಳಿಯುತ್ತಾರೆ, ಚೆಲುವಾಗಿಯೂ ಇದೆ. ಸ್ಪರ್ಶವಿಲ್ಲದವರನ್ನು ಮಗ್ಗಕ್ಕೆ ಕೂರಿಸುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ: ರಕ್ಷಣೆಯ ನಿಯಮವನ್ನು ಗೋಡೆಯ ಮೇಲೆ ಬರೆಯಬೇಡಿ, ಬಟ್ಟೆಯೊಳಗೆ ನೇಯಿಸಿ. ಜೊತೆಗೆ ಒಳ್ಳೆಯ ಮೆತ್ತೆ, ಪ್ರತಿ ಸಂಜೆ ಕೈಗನ್ನಡಿಯಲ್ಲಿ ಚರ್ಮದ ಪರೀಕ್ಷೆ ಇರಲೇಬೇಕು. ಬೆರಳಿಗೆ ಸ್ಪರ್ಶವಿಲ್ಲದವರಿಗೆ ದಬ್ಬಣದ ಬದಲು ಮೊಂಡು ತುದಿಯ ಸೂಜಿಯನ್ನೇ ಕೊಡಬೇಕು; ಸಕ್ಕರೆ ಕಾಯಿಲೆ ಇರುವ ಹಿರಿಯರಿಗೂ ಇದು ಅನ್ವಯಿಸುತ್ತದೆ.

ಮಗ್ಗದ ಸದ್ದು ಎಲ್ಲರಿಗೂ ಹಿತವಲ್ಲ ಎಂಬುದನ್ನು ತಿಳಿಸಿದವರು ಗಡಿ ನಿಯಂತ್ರಣ ರೇಖೆಯಲ್ಲಿ ವರ್ಷಗಟ್ಟಲೆ ಕಾವಲಿದ್ದ ಒಬ್ಬ ನಾಯಕ್. ಹಣಿಗೆಯ ಪ್ರತಿ ಬಡಿತಕ್ಕೂ ಅವರ ಹೆಗಲು ಮೇಲೇರುತ್ತಿತ್ತು. ಎರಡನೆಯ ದಿನ ಯಾರೋ ದಿಂಡನ್ನು ಕೈಜಾರಿಸಿ ನೆಲಕ್ಕೆ ಬೀಳಿಸಿದಾಗ ಅವರು ಮೇಜಿನ ಕೆಳಗೆ ಕುಳಿತುಬಿಟ್ಟರು, ಆಮೇಲೆ ಎಲ್ಲರೆದುರು ಹಾಗಾಯಿತೆಂದು ಎರಡು ವಾರ ಮುಖ ತೋರಿಸಲಿಲ್ಲ. ಅವರನ್ನು ಮರಳಿ ಕರೆತಂದವರು ಲ್ಯಾನ್ಸ್ ನಾಯಕರು. ತಮಗೂ ಮೊದಲ ವರ್ಷ ಹಾಗೆಯೇ ಆಗುತ್ತಿತ್ತು ಎಂದು ಮನೆಗೆ ಹೋಗಿ ಹೇಳಿ ಬಂದರು. ನಾವು ಕೊಠಡಿಯನ್ನೇ ಬದಲಿಸಿದೆವು. ಅವರ ಕುರ್ಚಿಯನ್ನು ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಬರುವಂತೆ ಇಟ್ಟೆವು. ಹಿಂದಿನಿಂದ ಬಂದು ಯಾರೂ ಅವರನ್ನು ಮುಟ್ಟಬಾರದು, ಕಾಣುವಂತೆ ಮುಂದೆ ಬಂದು ಮಾತನಾಡಿಸಬೇಕು ಎಂದು ಎಲ್ಲರಿಗೂ ತಿಳಿಸಿದೆವು. ಅವರಿಗಾಗಿ ಆರಿಸಿದ ಕೆಲಸ ತಕಲಿಯಲ್ಲಿ, ಅಂದರೆ ಕೈಯಿಂದ ತಿರುಗಿಸುವ ಕದಿರಿನಲ್ಲಿ, ಉಣ್ಣೆ ನೂಲುವುದು. ತಕಲಿಗೆ ಸದ್ದಿಲ್ಲ. ಎಳೆ ಹದವಾಗಿ ಬರಬೇಕಾದರೆ ಕೈ ಬಿಗಿಯಾಗಿರಬಾರದು, ಉಸಿರು ಓಡಬಾರದು. ಮನಸ್ಸು ಬೇರೆಡೆ ಹೋದ ಕ್ಷಣ ಎಳೆ ಕಡಿದುಬಿಡುತ್ತದೆ, ಕಡಿದರೆ ಮತ್ತೆ ಕೂಡಿಸಿದರಾಯಿತು. ಇದೇ ಅವರ ಕಾಯಿಲೆಯನ್ನು ವಾಸಿ ಮಾಡಿತೆಂದು ನಾನು ಹೇಳುವುದಿಲ್ಲ. ಅವರು ಮನೋವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ, ಮಾತ್ರೆಯನ್ನೂ ನುಂಗುತ್ತಿದ್ದಾರೆ, ಅದನ್ನು ಬಿಡಿಸುವ ಹಕ್ಕು ಯಾವ ಕಸುಬು ಕಲಿಸುವವರಿಗೂ ಇಲ್ಲ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಅವರು ಹಿರಿಯೂರು ಕಡೆಯ ತಮ್ಮನ ತೋಟಕ್ಕೆ ಹೋಗಿಬಿಡುತ್ತಾರೆ. ಕಳೆದ ವರ್ಷ ಅಲ್ಲಿಂದ ಮರಳುವಾಗ ಒಂದು ಬುಟ್ಟಿ ತುಂಬ ನೂಲಿನ ಉಂಡೆಗಳನ್ನು ತಂದಿದ್ದರು. ರಾತ್ರಿ ಎಚ್ಚರವಾದಾಗಲೆಲ್ಲ ನೂತೆ ಎಂದರು.

ಮಾರಾಟದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಅದು ಎಲ್ಲರಿಗೂ ಹಿಡಿಸಲಾರದು. 1949ರಿಂದ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವಾಗಿ ಆಚರಿಸುತ್ತ ಬಂದಿದ್ದೇವೆ. ಒಂದು ವರ್ಷ ಆ ದಿನ ನಾವೂ ಮಳಿಗೆ ಹಾಕಿದೆವು. ‘ಗಾಯಾಳು ಯೋಧರು ತಯಾರಿಸಿದ ವಸ್ತುಗಳು’ ಎಂದು ದೊಡ್ಡ ಬ್ಯಾನರ್ ಬರೆಸಿದ್ದೆ. ಬಂದವರು ವಸ್ತುವನ್ನು ತಿರುಗಿಸಿಯೂ ನೋಡದೆ ಹಣ ಕೊಟ್ಟು, ಕುಳಿತವರ ಕಾಲಿನ ಕಡೆ ಕಣ್ಣು ಹಾಯಿಸಿ, ಕೈಮುಗಿದು ಹೋಗುತ್ತಿದ್ದರು. ಕೆಲವರು ಹಣ ಕೊಟ್ಟು ವಸ್ತುವನ್ನು ಅಲ್ಲಿಯೇ ಬಿಟ್ಟು ಹೋದರು. ಅವರ ಭಾವನೆ ಒಳ್ಳೆಯದೇ. ಆದರೆ ಮಧ್ಯಾಹ್ನದ ಹೊತ್ತಿಗೆ ಸುಬೇದಾರರು ಎದ್ದು, ಸ್ವಾಧೀನವಿದ್ದ ಒಂದೇ ಕೈಯಿಂದ ಬ್ಯಾನರಿನ ಗಂಟು ಬಿಚ್ಚಿ ಮಡಿಸಿಟ್ಟರು. ಆಮೇಲೆ ಮಾರಾಟ ಅರ್ಧಕ್ಕಿಳಿಯಿತು. ಸಂಜೆ ಚಳ್ಳಕೆರೆಯ ಕಂಬಳಿ ವ್ಯಾಪಾರಿಯೊಬ್ಬರು ಬಂದು ಆಸನವೊಂದನ್ನು ಬೆಳಕಿಗೆ ಹಿಡಿದು, ಅಂಚು ಎಳೆದು ನೋಡಿ, ಹೊಕ್ಕು ಒಂದು ಕಡೆ ಸಡಿಲಾಗಿದೆ ಎಂದು ತಕರಾರು ಮಾಡಿ, ಬೆಲೆ ಚೌಕಾಸಿ ಮಾಡಿ, ನಾಲ್ಕು ಕೊಂಡರು. ಆ ದಿನ ನಮ್ಮವರ ಮುಖದಲ್ಲಿ ಕಳೆ ಕಂಡದ್ದು ಆ ಚೌಕಾಸಿಯ ಹೊತ್ತಿನಲ್ಲಿ ಮಾತ್ರ. ಅಂದಿನಿಂದ ನಾವು ಬ್ಯಾನರ್ ಹಾಕುವುದಿಲ್ಲ, ಮಾರುಕಟ್ಟೆಯ ಬೆಲೆಗಿಂತ ಹೆಚ್ಚು ಕೇಳುವುದಿಲ್ಲ, ಕಡಿಮೆಗೂ ಕೊಡುವುದಿಲ್ಲ.

ದೊಡ್ಡ ಆರ್ಡರುಗಳನ್ನು ತೆಗೆದುಕೊಳ್ಳುವುದನ್ನೂ ನಿಲ್ಲಿಸಿದ್ದೇನೆ. ಒಮ್ಮೆ ಒಂದು ಸಂಸ್ಥೆಯವರು ಕಡಿಮೆ ಸಮಯದಲ್ಲಿ ಬಹಳಷ್ಟು ಚೀಲಗಳು ಬೇಕೆಂದರು, ನಾನು ಒಪ್ಪಿಕೊಂಡೆ. ರಾತ್ರಿ ಕುಳಿತು ಹೊ­ಲಿದವರ ಕೈ ಬಾತುಕೊಂಡಿತು, ಹವಾಲ್ದಾರರ ಮಣಿಕಟ್ಟಿನ ಚೇತರಿಕೆ ಒಂದು ತಿಂಗಳು ಹಿಂದಕ್ಕೆ ಹೋಯಿತು. ಹಣ ಬಂದದ್ದು ಎಂಟು ತಿಂಗಳ ನಂತರ. ಅವರನ್ನು ಕೇಳದೆಯೇ ತೆಗೆದ ಭಾವಚಿತ್ರಗಳು ಮಾತ್ರ ಮರುದಿನವೇ ಅಚ್ಚಾಗಿದ್ದವು. ಚಿಕಿತ್ಸೆಗೆ ಬೇಕಾದ ವೇಗ ಒಂದು, ವ್ಯಾಪಾರಕ್ಕೆ ಬೇಕಾದ ವೇಗ ಇನ್ನೊಂದು. ಎರಡರ ನಡುವೆ ನಿಂತು ಇಲ್ಲ ಎನ್ನಬೇಕಾದ ಹೊಣೆ ನನ್ನದಾಗಿತ್ತು.

ಕಸುಬು ಎಲ್ಲರಿಗೂ ಒಗ್ಗುವುದಿಲ್ಲ. ನೆಲಬಾಂಬಿಗೆ ಕಾಲು ಕಳೆದುಕೊಂಡ ಒಬ್ಬರು ಮೂರು ದಿನ ಬುಟ್ಟಿ ಹೆಣೆದು, ನನಗೆ ಟ್ರ್ಯಾಕ್ಟರ್ ಓಡಿಸಲು ಬರುವಂತೆ ಮಾಡಿ, ಬೇರೇನೂ ಬೇಡ ಎಂದರು. ಅವರಿಗೆ ಬೇಕಾದದ್ದು ಕೃತಕ ಕಾಲಿಗೆ ಸರಿಹೊಂದುವ ಕ್ಲಚ್ ಮತ್ತು ಹತ್ತಲು ಒಂದು ಹೆಚ್ಚಿನ ಮೆಟ್ಟಿಲು, ಅದನ್ನೇ ಮಾಡಿಸಿದೆವು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ್ ಪೇಟ್ಕರ್ ಈಜಿನಲ್ಲಿ ತಮ್ಮ ದಾರಿಯನ್ನು ಕಂಡುಕೊಂಡು 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ದೇಶಕ್ಕೆ ಮೊದಲ ಚಿನ್ನವನ್ನು ತಂದರು. ಅವರಿಗೆ ಯಾರಾದರೂ ಬಲವಂತವಾಗಿ ಬುಟ್ಟಿ ಹೆಣೆಯಲು ಹಚ್ಚಿದ್ದರೆ ಏನಾಗುತ್ತಿತ್ತೆಂದು ನಾನು ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರನ್ನು ಕೇಳುತ್ತೇನೆ.

ಉಣ್ಣೆಯನ್ನು ಈಗಲೂ ಸೋದರಮಾವನೇ ಕಳುಹಿಸುತ್ತಾರೆ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸಿದಾಗ ಚೀಲಗಳು ಬಸ್ಸಿನಲ್ಲಿ ಬರುತ್ತವೆ. ಈ ಸಲದ ಚೀಲ ಬಂದ ವಾರವೇ ಎಡಗೈ ಮೊಣಕೈಯ ಕೆಳಗೆ ಇಲ್ಲದ ಇಪ್ಪತ್ತೆಂಟು ವರ್ಷದ ಸಿಪಾಯಿಯೊಬ್ಬ ತನ್ನ ಅಕ್ಕನ ಜೊತೆ ಬಂದ. ಪುಣೆಯಲ್ಲಿ ಕೊಟ್ಟ ಕೃತಕ ಕೈ ಚೀಲದಲ್ಲಿತ್ತು, ತೊಟ್ಟಿರಲಿಲ್ಲ. ಉಣ್ಣೆಯನ್ನು ಮುಂದಿಟ್ಟಾಗ ಸ್ವಲ್ಪ ಹೊತ್ತು ನೋಡಿ, ಅದನ್ನು ಎಡತೋಳಿನ ತುದಿ ಮತ್ತು ಪಕ್ಕೆಯ ನಡುವೆ ಒತ್ತಿ ಹಿಡಿದು ಬಲಗೈಯಿಂದ ಎಳೆಯತೊಡಗಿದ. ತೋಳಿನ ತುದಿಗೆ ಉಣ್ಣೆ ತಾಗಿದಾಗ ಮುಖ ಕಿವುಚಿತು, ಆದರೆ ಬಿಡಲಿಲ್ಲ. ಮೇಜಿಗೆ ಬಿಗಿಯುವ ಒಂದು ಚಿಮುಟ, ಕೃತಕ ಕೈಯ ಕೊಕ್ಕೆಗೆ ಸಿಕ್ಕಿಸುವಂಥ ತಕಲಿ ಇವೆರಡನ್ನೂ ಅವನಿಗಾಗಿ ಮಾಡಬೇಕೆಂದು ಗಿರಣಿಯ ಮೇಸ್ತ್ರಿಯವರಿಗೆ ಹೇಳಿದ್ದೇನೆ. ಅವರು ನಿನ್ನೆ ಬಂದು ಮೇಜಿನ ಅಂಚಿನ ದಪ್ಪವನ್ನೂ ಹುಡುಗನ ಮೊಣಕೈಯ ಎತ್ತರವನ್ನೂ ಅಳೆದುಕೊಂಡು ಹೋದರು.